ಮುದ್ದೆ, ಬಸ್ಸಾರಿನ ಕಬ್ಬಿಣ ರಕ್ತಕ್ಕೆ ಸೇರುವುದು ಹೇಗೆ?

ಮಂಡ್ಯ, ಮದ್ದೂರು, ನಂಜನಗೂಡು ಕಡೆ ಎಲ್ಲೇ ಆರೋಗ್ಯ ತಪಾಸಣೆ ಶಿಬಿರ ನಡೆಯಲಿ, ಹೆಂಗಸರ ಚೀಟಿಯಲ್ಲಿ ಎಚ್‌ಬಿ 9.8, ಎಚ್‌ಬಿ 10.4 ಎಂಬಂಥ ಅಂಕಿಗಳು ಕಂಡೇ ಕಾಣುತ್ತವೆ. ಅದರ ಹಿಂದೆಯೇ ಪ್ರಶ್ನೆಯೂ ಬರುತ್ತದೆ: "ದಿನಾ ಮುದ್ದೆ ಉಣ್ತೀವಿ, ಸೊಪ್ಪು ತಿಂತೀವಿ, ಬೆಲ್ಲ ನಮ್ಮೂರಲ್ಲೇ ಆಗುತ್ತೆ. ಮತ್ಯಾಕೆ ರಕ್ತ ಕಮ್ಮಿ?" ಪ್ರಶ್ನೆಯಲ್ಲಿ ತಪ್ಪೇನಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇ. 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಇವರೆಲ್ಲ ಊಟಕ್ಕಿಲ್ಲದವರಲ್ಲ. ತಿಂದದ್ದರಲ್ಲಿ ಕಬ್ಬಿಣ ಇರುವುದು ಒಂದು ಮಾತು, ಅದು ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರುವುದು ಬೇರೆಯೇ ಮಾತು. ಈ ಎರಡರ ನಡುವೆ ಏನಾಗುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಎಚ್‌ಬಿ ಅಂದರೆ ಏನನ್ನು ಅಳೆದಂತೆ?

ಎಚ್‌ಬಿ ಎಂದರೆ ಹಿಮೋಗ್ಲೋಬಿನ್. ಕೆಂಪು ರಕ್ತಕಣದೊಳಗಿನ ಪ್ರೋಟೀನ್ ಇದು. ಇದರ ಒಂದೊಂದು ಅಣುವಿನಲ್ಲೂ ಕಬ್ಬಿಣದ ನಾಲ್ಕು ಪರಮಾಣುಗಳಿರುತ್ತವೆ. ಶ್ವಾಸಕೋಶದಲ್ಲಿ ಆಮ್ಲಜನಕ ಅಂಟಿಕೊಳ್ಳುವುದು ಈ ಕಬ್ಬಿಣಕ್ಕೇ. ಕಬ್ಬಿಣ ಸಾಲದಿದ್ದರೆ ರಕ್ತಕಣಗಳು ಸಣ್ಣದಾಗಿ, ಬಣ್ಣಗೆಟ್ಟು ತಯಾರಾಗುತ್ತವೆ. ಮೆಟ್ಟಿಲು ಹತ್ತಿದರೆ ಏದುಸಿರು, ಬೆಳಿಗ್ಗೆ ಎದ್ದಾಗಲೇ ಸುಸ್ತು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು, ಕೆಲವರಿಗೆ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕೆನಿಸುವುದು, ಎಲ್ಲ ಇದರ ಗುರುತುಗಳೇ. ಅಳತೆಯ ಲೆಕ್ಕದಲ್ಲಿ 100 ಮಿಲಿ ರಕ್ತದಲ್ಲಿ ಗಂಡಸರಿಗೆ 13 ಗ್ರಾಂ, ಹೆಂಗಸರಿಗೆ 12 ಗ್ರಾಂ, ಬಸುರಿಯರಿಗೆ 11 ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ.

ದೊಡ್ಡವರ ಮೈಯಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ ಮಾತ್ರ. ಅದರಲ್ಲಿ ಮೂರನೇ ಎರಡು ಪಾಲು ರಕ್ತದಲ್ಲಿದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಆಯಸ್ಸು ಮುಗಿದ ಕಣಗಳನ್ನು ಗುಲ್ಮ ಮತ್ತು ಯಕೃತ್ತಿನ ಜೀವಕೋಶಗಳು ಒಡೆದು, ಕಬ್ಬಿಣವನ್ನು ಬಿಡಿಸಿ, ಮೂಳೆಮಜ್ಜೆಗೆ ವಾಪಸು ಕಳಿಸುತ್ತವೆ. ಹೀಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಹಳೆ ಕಬ್ಬಿಣವೇ ಮತ್ತೆ ಹೊಸ ರಕ್ತವಾಗುತ್ತದೆ. ಊಟದಿಂದ ತುಂಬಬೇಕಾದದ್ದು ಸೋರಿಹೋದಷ್ಟನ್ನು ಮಾತ್ರ. ಚರ್ಮ, ಕರುಳಿನ ಒಳಪದರ ಸವೆದು ಗಂಡಸರಿಗೆ ದಿನಕ್ಕೆ ಸುಮಾರು 1 ಮಿ.ಗ್ರಾಂ ಹೋಗುತ್ತದೆ. ಮುಟ್ಟಾಗುವ ವಯಸ್ಸಿನ ಹೆಂಗಸರಿಗೆ ಇದರ ಮೇಲೆ ಇನ್ನಷ್ಟು ಸೇರಿ ಸುಮಾರು ಒಂದೂವರೆಯಿಂದ 2 ಮಿ.ಗ್ರಾಂ ಆಗುತ್ತದೆ. ಒಂದು ಬಸಿರು, ಹೆರಿಗೆಗೆ ಬೇಕಾಗುವ ಕಬ್ಬಿಣ ಒಟ್ಟು ಹತ್ತಿರ ಹತ್ತಿರ 1 ಗ್ರಾಂ. ಹೆಣ್ಣುಮಕ್ಕಳಲ್ಲೇ ಈ ತೊಂದರೆ ಹೆಚ್ಚು ಏಕೆ ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಿಲ್ಲ.

ಕರುಳಿನ ಮೊದಲ ಗೇಣು

ಬಾಯಿಯಿಂದ ಇಳಿದ ಅನ್ನ ಜಠರಕ್ಕೆ ಬಂದಾಗ ಅಲ್ಲಿನ ಆಮ್ಲ ಕಬ್ಬಿಣವನ್ನು ಕರಗಿಸುತ್ತದೆ. ಅಲ್ಲಿಂದ ಮುಂದೆ ಸಣ್ಣಕರುಳಿನ ಮೊದಲ ಭಾಗ, ಸುಮಾರು ಒಂದು ಗೇಣು ಉದ್ದದ ಡುವೊಡಿನಂ. ಕಬ್ಬಿಣದ ಬಹುಪಾಲು ಒಳಸೇರುವುದು ಇಲ್ಲೇ. ಇಲ್ಲಿಗೆ ಬಂದ ಕೂಡಲೇ ಮೇದೋಜೀರಕ ಗ್ರಂಥಿಯ ಕ್ಷಾರದ ರಸ ಸೇರಿ ಆಮ್ಲ ಕಡಿಮೆಯಾಗುತ್ತದೆ. ಆಗ ಕರಗಿದ್ದ ಕಬ್ಬಿಣ ಮತ್ತೆ ಗಟ್ಟಿಯಾಗಿ, ಕೈಗೆ ಸಿಕ್ಕ ಬೇರೆ ವಸ್ತುಗಳ ಜೊತೆ ಕಚ್ಚಿಕೊಳ್ಳಲು ಶುರು ಮಾಡುತ್ತದೆ. ಕಚ್ಚಿಕೊಂಡದ್ದು ಮಲದಲ್ಲಿ ಹೊರಟುಹೋಗುತ್ತದೆ. ಅಂದರೆ ಸಿಗುವ ಸಮಯ ಕಡಿಮೆ, ಜಾಗವೂ ಕಡಿಮೆ.

ಸಸ್ಯಾಹಾರದಲ್ಲಿರುವುದು ಹೆಚ್ಚಾಗಿ ಫೆರಿಕ್ ರೂಪದ ಕಬ್ಬಿಣ. ಕರುಳಿನ ಜೀವಕೋಶ ಅದನ್ನು ಹಾಗೇ ತೆಗೆದುಕೊಳ್ಳುವುದಿಲ್ಲ, ಫೆರಸ್ ರೂಪಕ್ಕೆ ಬದಲಾಯಿಸಿಕೊಂಡು ಒಳಗೆ ಎಳೆದುಕೊಳ್ಳುತ್ತದೆ. ಈ ಬದಲಾವಣೆಗೆ ವಿಟಮಿನ್ ಸಿ ಚೆನ್ನಾಗಿ ನೆರವಾಗುತ್ತದೆ. ಮಾಂಸದಲ್ಲಿರುವ ಹೀಮ್ ಕಬ್ಬಿಣದ ದಾರಿ ಬೇರೆ. ಅದು ಇದ್ದ ರೂಪದಲ್ಲೇ ಒಳಹೋಗುವುದರಿಂದ 100ಕ್ಕೆ 15ರಿಂದ 35 ಪಾಲು ದಕ್ಕುತ್ತದೆ. ಸೊಪ್ಪು, ಕಾಳು, ಧಾನ್ಯದ ಕಬ್ಬಿಣ ದಕ್ಕುವುದು 100ಕ್ಕೆ 2ರಿಂದ 20 ಪಾಲು, ನಮ್ಮ ದಿನನಿತ್ಯದ ಊಟದಲ್ಲಿ ಬಹುಮಟ್ಟಿಗೆ 10ರ ಒಳಗೇ.

ಜೀವಕೋಶದ ಒಳಗೆ ಬಂದರೂ ಅದಿನ್ನೂ ರಕ್ತ ಸೇರಿಲ್ಲ. ಜೀವಕೋಶದ ಹಿಂಬದಿಯಿಂದ ರಕ್ತಕ್ಕೆ ಹೋಗಲು ಒಂದೇ ಕಂಡಿ ಇದೆ, ಅದನ್ನು ತೆಗೆಯುವುದು ಮುಚ್ಚುವುದು ಹೆಪ್ಸಿಡಿನ್ ಎಂಬ ಹಾರ್ಮೋನಿನ ಕೆಲಸ. ಹೆಪ್ಸಿಡಿನ್ ತಯಾರಾಗುವುದು ಯಕೃತ್ತಿನಲ್ಲಿ. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನವರಿಗೆ ಇದನ್ನು ಹೇಳುವುದು ಸುಲಭ: ಹೆಪ್ಸಿಡಿನ್ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಇದ್ದಹಾಗೆ, ಆ ಕಂಡಿ ಗದ್ದೆಯ ತೂಬು. ಆದರೆ ಈ ಗದ್ದೆಗೆ ಬಸಿಗಾಲುವೆ ಇಲ್ಲ. ಹೆಚ್ಚಾದ ಕಬ್ಬಿಣವನ್ನು ಮೂತ್ರದಲ್ಲೋ ಬೆವರಿನಲ್ಲೋ ಹೊರಹಾಕುವ ಏರ್ಪಾಡು ದೇಹಕ್ಕಿಲ್ಲ, ಒಳಗೆ ನಿಂತರೆ ಯಕೃತ್ತು, ಹೃದಯ ಕೆಡುತ್ತವೆ. ಹಾಗಾಗಿ ನೀರುಗಂಟಿ ತೂಬಿನಲ್ಲೇ ಬಿಗಿ ಮಾಡುತ್ತಾನೆ. ದಾಸ್ತಾನು ಕಡಿಮೆಯಿದ್ದರೆ ತೆಗೆಯುತ್ತಾನೆ, ಸಾಕಷ್ಟಿದ್ದರೆ ಮುಚ್ಚುತ್ತಾನೆ. ಮುಚ್ಚಿದಾಗ ಜೀವಕೋಶದಲ್ಲೇ ಉಳಿದ ಕಬ್ಬಿಣ, ಮೂರು-ಐದು ದಿನದಲ್ಲಿ ಆ ಜೀವಕೋಶ ಉದುರಿದಾಗ ಅದರ ಜೊತೆಗೇ ಹೊರಹೋಗುತ್ತದೆ.

ಜ್ವರ, ಸೋಂಕು, ಕ್ಷಯ, ದೀರ್ಘಕಾಲದ ಉರಿಯೂತ ಇದ್ದಾಗಲೂ ಹೆಪ್ಸಿಡಿನ್ ಏರಿ ತೂಬು ಮುಚ್ಚುತ್ತದೆ. ರೋಗಾಣುಗಳಿಗೂ ಕಬ್ಬಿಣ ಬೇಕು, ಅವಕ್ಕೆ ಸಿಗದಿರಲಿ ಎಂದು ದೇಹ ಮಾಡಿಕೊಂಡಿರುವ ಉಪಾಯವಿದು. ಪದೇ ಪದೇ ಕಾಯಿಲೆ ಬೀಳುವ ಮಗುವಿಗೆ ಎಷ್ಟು ಪೌಷ್ಟಿಕ ಆಹಾರ ಕೊಟ್ಟರೂ ಎಚ್‌ಬಿ ಮೇಲೇಳದಿರಲು ಇದೂ ಒಂದು ಕಾರಣ.

ಒಂದು ಹೊತ್ತಿನ ಊಟದ ಲೆಕ್ಕ

100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆ. ಹುರುಳಿಕಾಳು, ದಂಟಿನ ಸೊಪ್ಪು ಬೇಯಿಸಿ ಬಸಿದ ಬಸ್ಸಾರು, ಪಲ್ಯ. ರಾಗಿಯಿಂದ ಸುಮಾರು 4ರಿಂದ 4.5 ಮಿ.ಗ್ರಾಂ, ಒಂದು ಹಿಡಿ (30 ಗ್ರಾಂ) ಹುರುಳಿಯಿಂದ 2ರಿಂದ 2.5, ಸೊಪ್ಪಿನಿಂದ 3–4. ಒಟ್ಟು 10 ಮಿ.ಗ್ರಾಂ ಅಂತಿಟ್ಟುಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಮಾಣ ಗಂಡಸರಿಗೆ ದಿನಕ್ಕೆ 19, ಹೆಂಗಸರಿಗೆ 29 ಮಿ.ಗ್ರಾಂ. ಬೇಕಿರುವುದು ಒಂದೆರಡು ಮಿ.ಗ್ರಾಂ ಅಂದಮೇಲೆ 29 ಯಾಕೆ? ನಮ್ಮ ಬಗೆಯ ಊಟದಿಂದ 100ಕ್ಕೆ ಸುಮಾರು 8 ಪಾಲು ಮಾತ್ರ ದಕ್ಕುತ್ತದೆ ಎಂದು ಲೆಕ್ಕ ಹಾಕಿ ಇಟ್ಟ ಅಂಕಿ ಅದು.

ಈಗ ಆ 10 ಮಿ.ಗ್ರಾಂನಲ್ಲಿ 100ಕ್ಕೆ 5 ಪಾಲು ದಕ್ಕಿದರೆ ಸಿಕ್ಕಿದ್ದು ಅರ್ಧ ಮಿ.ಗ್ರಾಂ, 10 ಪಾಲು ದಕ್ಕಿದರೆ 1 ಮಿ.ಗ್ರಾಂ. ತಟ್ಟೆಯಲ್ಲಿ ಒಂದು ತುತ್ತೂ ಹೆಚ್ಚಾಗಿಲ್ಲ, ಸಿಕ್ಕಿದ್ದು ಮಾತ್ರ ಎರಡರಷ್ಟು. ಈ 5ನ್ನು 10 ಮಾಡುವುದು ಅಡುಗೆಮನೆಯಲ್ಲೇ ಆಗುವ ಕೆಲಸ.

ಬಸ್ಸಾರಿನ ಪದ್ಧತಿಯಲ್ಲಿ ಒಂದು ಜಾಣತನ ಇದೆ. ಸೊಪ್ಪು, ಕಾಳು ಬೇಯಿಸಿದ ನೀರಿಗೆ ಒಂದಷ್ಟು ಖನಿಜವೂ ಫೋಲೇಟ್ ಎಂಬ ವಿಟಮಿನ್ನೂ ಇಳಿಯುತ್ತವೆ. ಆ ಕಟ್ಟನ್ನು ಚೆಲ್ಲದೆ ಸಾರು ಮಾಡುವುದರಿಂದ ಎರಡೂ ಹೊಟ್ಟೆಗೇ ಬರುತ್ತವೆ. ಇನ್ನು ಒಗ್ಗರಣೆಯ ಈರುಳ್ಳಿ, ಬೆಳ್ಳುಳ್ಳಿ. ಧಾನ್ಯ, ಕಾಳುಗಳ ಜೊತೆ ಇವು ಸೇರಿದರೆ ಹೀರಿಕೆಗೆ ಸಿಗುವ ಕಬ್ಬಿಣ, ಸತುವಿನ ಪ್ರಮಾಣ ಹೆಚ್ಚುತ್ತದೆ ಎಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಅದು ಗಾಜಿನ ಪಾತ್ರೆಯಲ್ಲಿ ಜೀರ್ಣಕ್ರಿಯೆ ನಡೆಸಿ ನೋಡಿದ ಫಲಿತಾಂಶ, ಮನುಷ್ಯರ ರಕ್ತ ಅಳೆದದ್ದಲ್ಲ ಎಂಬುದೂ ನೆನಪಿರಲಿ.

ರಾಗಿಯಲ್ಲೇ ಇರುವ ತಡೆ

ರಾಗಿ, ಹುರುಳಿ, ಅವರೆ, ಎಲ್ಲ ಬೀಜಗಳೂ ಮುಂದೆ ಮೊಳೆಯುವಾಗ ಬೇಕಾಗುವ ರಂಜಕವನ್ನು ಫೈಟೇಟ್ ರೂಪದಲ್ಲಿ ಕೂಡಿಟ್ಟುಕೊಂಡಿರುತ್ತವೆ. ಈ ಫೈಟೇಟ್ ಕರುಳಿನಲ್ಲಿ ಕಬ್ಬಿಣ, ಸತು, ಕ್ಯಾಲ್ಸಿಯಂ ಮೂರನ್ನೂ ಹಿಡಿದುಕೊಂಡು ಬಿಡುವುದಿಲ್ಲ. ರಾಗಿಯ ಕೆಂಪು ಸಿಪ್ಪೆಯಲ್ಲಿ ಜೊತೆಗೆ ಟ್ಯಾನಿನ್ ಎಂಬ ಒಗರು ವಸ್ತು ಇದೆ, ಅದೂ ಇದೇ ಕೆಲಸ ಮಾಡುತ್ತದೆ. ಬಿಳಿ ರಾಗಿಯಲ್ಲಿ ಟ್ಯಾನಿನ್ ಕಡಿಮೆ. ಬರೀ ಬೇಯಿಸಿದರೆ ಫೈಟೇಟ್ ಅಷ್ಟಾಗಿ ಕರಗದು. ಕರಗಿಸುವುದು ಫೈಟೇಸ್ ಎಂಬ ಕಿಣ್ವ, ಅದು ಎಚ್ಚರವಾಗುವುದು ಬೀಜ ನೆನೆದು ಮೊಳೆತಾಗ, ಇಲ್ಲವೇ ಹಿಟ್ಟು ಹುಳಿ ಬಂದಾಗ.

ಮೊಳಕೆ ರಾಗಿ ಹಿಟ್ಟು ಮಾಡುವುದು ಕಷ್ಟವೇನಲ್ಲ. ರಾಗಿಯನ್ನು ಕಲ್ಲು ಹೋಗುವಂತೆ ಗಾಳಿಸಿ, ನಾಲ್ಕೈದು ಸಲ ತೊಳೆದು, 10ರಿಂದ 12 ಗಂಟೆ ನೆನೆಹಾಕಿ. ನಡುವೆ ಒಮ್ಮೆ ನೀರು ಬದಲಾಯಿಸಿ. ಬಸಿದು, ಒದ್ದೆ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ 24ರಿಂದ 36 ಗಂಟೆ ಬಿಡಿ. ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಬಿಳಿ ಮೊಳಕೆ ಕಾಳಿನಷ್ಟೇ ಉದ್ದ ಬಂದರೆ ಸಾಕು. ಚೆನ್ನಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಬೀಸಿಸಿ. ಕೆಡುವುದು ಎಲ್ಲಿ ಅಂದರೆ ಬಿಗಿಯಾಗಿ ಕಟ್ಟಿದಾಗ ಮತ್ತು ಅರೆ ಒಣಗಿಸಿ ಡಬ್ಬಕ್ಕೆ ತುಂಬಿದಾಗ. ಮೊದಲನೆಯದರಲ್ಲಿ ನಡುವಿನ ಕಾಳು ಬಿಸಿಯೇರಿ ಲೋಳೆಯಾಗಿ ವಾಸನೆ ಬರುತ್ತದೆ, ಎರಡನೆಯದರಲ್ಲಿ ಬೂಷ್ಟು. ಬೂಷ್ಟು ಕಂಡ ರಾಗಿಯನ್ನು ತೊಳೆದು ಬಳಸಬಾರದು, ಎಸೆಯುವುದೇ ಸರಿ. ಈ ಹಿಟ್ಟಿನ ಗಂಜಿ ತೆಳ್ಳಗಾಗುತ್ತದೆ, ಮಗುವಿಗೆ ರಾಗಿ ಸರಿ ಮಾಡಲು ಒಳ್ಳೆಯದು. ಮುದ್ದೆಗೆ ಮಾತ್ರ ಒಗ್ಗುವುದಿಲ್ಲ, ಜಿಗುಟು ನಿಲ್ಲದೆ ಕೈಗೆ ಅಂಟುತ್ತದೆ. ಮುದ್ದೆಗೆ ಮಾಮೂಲಿ ಹಿಟ್ಟೇ ಇರಲಿ, ಸಾರಿನ ಹುರುಳಿಯನ್ನೋ ಹೆಸರುಕಾಳನ್ನೋ ಮೊಳಕೆ ಕಟ್ಟಿದರಾಯಿತು. ರಾತ್ರಿಯೆಲ್ಲ ಹುಳಿ ಬಂದ ಅಂಬಲಿ, ಇಡ್ಲಿ-ದೋಸೆಯ ಹಿಟ್ಟಿನಲ್ಲೂ ಇದೇ ಲಾಭ ಇದೆ.

ನಿಂಬೆ ಯಾವಾಗ, ಕಾಫಿ ಯಾವಾಗ

ವಿಟಮಿನ್ ಸಿ ಕಬ್ಬಿಣಕ್ಕೆ ಎರಡು ರೀತಿಯಲ್ಲಿ ಆಸರೆ. ಫೆರಿಕ್ ರೂಪವನ್ನು ಫೆರಸ್‌ಗೆ ತರುತ್ತದೆ, ಫೈಟೇಟ್ ಹಿಡಿಯುವ ಮೊದಲೇ ತಾನು ಹಿಡಿದು ಕರಗಿದ ಸ್ಥಿತಿಯಲ್ಲೇ ಉಳಿಸುತ್ತದೆ. ಆದರೆ ಅದು ಅದೇ ಊಟದಲ್ಲಿ ಇರಬೇಕು. ಬೆಳಿಗ್ಗೆ ತಿಂದ ಕಿತ್ತಳೆ ಮಧ್ಯಾಹ್ನದ ಮುದ್ದೆಗೆ ನೆರವಾಗದು. ಬಿಸಿಗೆ ಬೇಗ ಹಾಳಾಗುವುದರಿಂದ ನಿಂಬೆಯನ್ನು ಕುದಿಯುವ ಸಾರಿಗೆ ಹಿಂಡುವ ಬದಲು ಒಲೆಯಿಂದ ಇಳಿಸಿದ ಮೇಲೆ ಪಲ್ಯಕ್ಕೋ ಕೋಸಂಬರಿಗೋ ಹಿಂಡಬೇಕು. ಅರ್ಧ ಸೀಬೆಹಣ್ಣು ನಿಂಬೆಗಿಂತ ಎಷ್ಟೋ ಮೇಲು. 100 ಗ್ರಾಂ ಸೀಬೆಯಲ್ಲಿ 200 ಮಿ.ಗ್ರಾಂ ಆಸುಪಾಸು ವಿಟಮಿನ್ ಸಿ ಇದೆ, ಒಂದು ನಿಂಬೆಹಣ್ಣಿನ ರಸದಲ್ಲಿ ಸಿಗುವುದು 10ರಿಂದ 20. ಬೆಟ್ಟದ ನೆಲ್ಲಿಕಾಯಿ ಸೀಬೆಗೂ ಮೇಲೆ. ಹುಣಸೆಹಣ್ಣು ಹುಳಿಯಾದರೂ ಅದರಲ್ಲಿ ವಿಟಮಿನ್ ಸಿ ಅತ್ಯಲ್ಪ. ಅದರ ಹುಳಿ ಟಾರ್ಟಾರಿಕ್ ಆಮ್ಲದ್ದು, ಜೊತೆಗೆ ಟ್ಯಾನಿನ್ನೂ ಇದೆ, ಹಾಗಾಗಿ ನಿಂಬೆಯ ಕೆಲಸವನ್ನು ಹುಣಸೆಗೆ ವಹಿಸಲಾಗದು.

ಇನ್ನು ಕಾಫಿ, ಟೀ. ಊಟದ ಜೊತೆ ಕುಡಿದ ಟೀ ಆ ಊಟದ ಸಸ್ಯಮೂಲದ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸುತ್ತದೆ, ಕಾಫಿ 100ಕ್ಕೆ ಸುಮಾರು 40 ಪಾಲು ಇಳಿಸುತ್ತದೆ. ಊಟವಾಗಿ ಒಂದು ಗಂಟೆಗೆ ಕುಡಿದ ಕಾಫಿಯೂ ಜೊತೆಗೆ ಕುಡಿದಷ್ಟೇ ತಡೆ ಒಡ್ಡಿದ್ದು ಅಧ್ಯಯನದಲ್ಲಿ ಕಂಡಿದೆ, ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದದ್ದು ಒಡ್ಡಲಿಲ್ಲ. ತಡೆಯುವುದು ಅವುಗಳಲ್ಲಿನ ಪಾಲಿಫಿನಾಲ್‌ಗಳು, ಅಂದರೆ ಟ್ಯಾನಿನ್ ಜಾತಿಯ ವಸ್ತುಗಳು. ಕಾಫಿ ಬಿಡಿ ಅಂತ ಮೈಸೂರಿನವರಿಗೆ ಹೇಳಿ ಪ್ರಯೋಜನವೂ ಇಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಂದು, ಸಂಜೆ ನಾಲ್ಕಕ್ಕೆ ಒಂದು ಕುಡಿದರೆ ತೊಂದರೆಯಿಲ್ಲ. ತಿಂಡಿ ಮುಗಿದು ಕೈ ತೊಳೆಯುವ ಮೊದಲೇ ಲೋಟ ಕೇಳುವುದೇ ತೊಂದರೆ. ಊಟಕ್ಕೂ ಲೋಟಕ್ಕೂ ಎರಡು ಗಂಟೆ ಅಂತರ ಇರಲಿ.

ಮಾಂಸ ತಿನ್ನುವ ಮನೆಗಳಲ್ಲಿ ಇನ್ನೊಂದು ಅನುಕೂಲ ಇದೆ. ಕೋಳಿ ಸಾರಿನ ನಾಲ್ಕು ತುಂಡು ತನ್ನ ಕಬ್ಬಿಣ ಕೊಡುವುದಲ್ಲದೆ ಜೊತೆಗಿರುವ ಮುದ್ದೆಯ ಕಬ್ಬಿಣವೂ ಹೆಚ್ಚು ದಕ್ಕುವಂತೆ ಮಾಡುತ್ತದೆ. ಬರೀ ಸಾರು ಬಡಿಸಿಕೊಂಡರೆ ಈ ಲಾಭ ಇಲ್ಲ, ತುಂಡು ಗಂಡಸರ ತಟ್ಟೆಗೆ, ಸಾರು ಹೆಂಗಸರ ತಟ್ಟೆಗೆ ಆಗುವ ಮನೆಗಳು ಗಮನಿಸಬೇಕಾದ ಮಾತಿದು. ಮೊಟ್ಟೆ ಒಳ್ಳೆಯ ಆಹಾರವೇ, ಆದರೆ ಅದರ ಹಳದಿಯ ಕಬ್ಬಿಣ ಅಷ್ಟಾಗಿ ದಕ್ಕುವುದಿಲ್ಲ.

ಬೆಲ್ಲ, ಬೀಟ್‌ರೂಟ್

ಆಲೆಮನೆಗಳ ಜಿಲ್ಲೆಯಲ್ಲಿ ಈ ಮಾತು ರುಚಿಸದಿರಬಹುದು. 100 ಗ್ರಾಂ ಬೆಲ್ಲದಲ್ಲಿ ಕಬ್ಬಿಣ 3ರಿಂದ 5 ಮಿ.ಗ್ರಾಂ. ಒಬ್ಬರು ದಿನಕ್ಕೆ ತಿನ್ನುವ ಬೆಲ್ಲ 10–15 ಗ್ರಾಂ ಅಂದರೆ ಸಿಗುವುದು ಅರ್ಧ ಮಿ.ಗ್ರಾಂ ಆಸುಪಾಸು, ಅದರಲ್ಲಿ ದಕ್ಕುವುದು ಹತ್ತರಲ್ಲೊಂದು ಪಾಲೂ ಇಲ್ಲ. ಸಕ್ಕರೆಯಲ್ಲಿ ಅಷ್ಟೂ ಇಲ್ಲ ಎಂಬುದು ನಿಜ, ಆದರೆ ರಕ್ತ ಕಮ್ಮಿಯೆಂದು ಬೆಲ್ಲ ಹೆಚ್ಚಿಸಿದರೆ ಏರುವುದು ಸಿಹಿಯೇ. ಬೀಟ್‌ರೂಟಿನ ಕೆಂಪು ಬೇರೊಂದು ವರ್ಣದ್ರವ್ಯದ್ದು, ಕಬ್ಬಿಣದ್ದಲ್ಲ. ಅದರಲ್ಲಿ 100 ಗ್ರಾಂಗೆ ಸುಮಾರು 1 ಮಿ.ಗ್ರಾಂ ಇದೆ ಅಷ್ಟೆ. ಅದಕ್ಕಿಂತ ನುಗ್ಗೆಸೊಪ್ಪು, ದಂಟು, ಹುರುಳಿ ಮೇಲು. ಕಬ್ಬಿಣದ ಬಾಣಲೆಯಲ್ಲಿ ಹುಳಿ ಹಾಕಿದ ಗೊಜ್ಜು ಕುದಿಸಿದರೆ ಬಾಣಲೆಯಿಂದಲೂ ಒಂದಷ್ಟು ಕಬ್ಬಿಣ ಬಿಡುತ್ತದೆ. ಬಣ್ಣ ಕಪ್ಪಾಗುವುದು ಅದರಿಂದಲೇ.

ಮಾತ್ರೆ ನುಂಗುವ ಕ್ರಮ

ಎಚ್‌ಬಿ ಈಗಾಗಲೇ ಇಳಿದಿದ್ದರೆ ಊಟದಿಂದ ಮಾತ್ರ ಏರಿಸುವುದು ನಿಧಾನ, ಮಾತ್ರೆ ಬೇಕು. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಬಸುರಿಯರಿಗೆ ನಾಲ್ಕನೇ ತಿಂಗಳಿಂದ 180 ದಿನ, ದಿನಕ್ಕೊಂದು ಕೆಂಪು ಮಾತ್ರೆ: 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಹೈಸ್ಕೂಲು ವಯಸ್ಸಿನವರಿಗೆ ವಾರಕ್ಕೊಂದು ನೀಲಿ ಮಾತ್ರೆ, ಚಿಕ್ಕ ಮಕ್ಕಳಿಗೆ ಗುಲಾಬಿ.

ಊಟವಾಗಿ ಎರಡು ಗಂಟೆಯ ಮೇಲೆ ನೀರಿನ ಜೊತೆಗೋ ನಿಂಬೆ ಪಾನಕದ ಜೊತೆಗೋ ನುಂಗಿದರೆ ಚೆನ್ನಾಗಿ ಸೇರುತ್ತದೆ. ಹಾಲು, ಕಾಫಿ, ಟೀ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನು ಊಟದ ಜೊತೆ, ಕಬ್ಬಿಣದ ಮಾತ್ರೆಯನ್ನು ಬೇರೆ ಹೊತ್ತಿಗೆ. ಎರಡನ್ನೂ ಒಟ್ಟಿಗೆ ನುಂಗುವುದು ಬಸುರಿಯರಲ್ಲಿ ತೀರಾ ಸಾಮಾನ್ಯವಾದ ತಪ್ಪು. ವಾಕರಿಕೆ ಬಂದರೆ ರಾತ್ರಿ ಊಟದ ನಂತರ ನುಂಗಬಹುದು, ಹೀರಿಕೆ ಸ್ವಲ್ಪ ಕಡಿಮೆಯಾದರೂ ನಿಲ್ಲಿಸುವುದಕ್ಕಿಂತ ವಾಸಿ. ಮಲ ಕಪ್ಪಾಗುವುದಕ್ಕೆ ಹೆದರಬೇಕಿಲ್ಲ, ಒಳಸೇರದೆ ಉಳಿದ ಕಬ್ಬಿಣ ಅದು. ಎಚ್‌ಬಿ ಒಂದು ಗ್ರಾಂ ಏರಲು ಮೂರು-ನಾಲ್ಕು ವಾರ ಹಿಡಿಯುತ್ತದೆ. ಅಂಕಿ 12 ಮುಟ್ಟಿತೆಂದು ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಇಳಿಯುತ್ತದೆ, ಏಕೆಂದರೆ ಮೊದಲು ತುಂಬುವುದು ರಕ್ತ, ಯಕೃತ್ತಿನ ದಾಸ್ತಾನು ಆಮೇಲೆ. ವೈದ್ಯರು ಇನ್ನೂ ಮೂರು ತಿಂಗಳು ಮುಂದುವರಿಸಿ ಎನ್ನುವುದು ಅದಕ್ಕೇ. ಒಂದು ಎಚ್ಚರಿಕೆ: ಚಿಕ್ಕ ಮಕ್ಕಳು ಪೆಪ್ಪರ್‌ಮಿಂಟೆಂದು ನಾಲ್ಕಾರು ಮಾತ್ರೆ ನುಂಗಿದರೆ ಪ್ರಾಣಕ್ಕೇ ಅಪಾಯ. ಮೇಲಿನ ಕಪಾಟಿನಲ್ಲಿಡಿ.

ರೇಷನ್ ಅಕ್ಕಿಯ 'ಪ್ಲಾಸ್ಟಿಕ್' ಕಾಳು

2021ರ ಸ್ವಾತಂತ್ರ್ಯ ದಿನದಂದು ಪ್ರಕಟವಾದ ಸಾರವರ್ಧಿತ ಅಕ್ಕಿ ನ್ಯಾಯಬೆಲೆ ಅಂಗಡಿಗೆ ಬಂದ ಮೇಲೆ, ತೊಳೆಯುವಾಗ ತೇಲುವ, ಬಣ್ಣ ಬೇರೆಯಾಗಿ ಕಾಣುವ ಕಾಳುಗಳನ್ನು ಆರಿಸಿ ಎಸೆಯುವವರು ಕಾಣುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣದ ಲವಣ, ಫೋಲಿಕ್ ಆಮ್ಲ, ಬಿ12 ಕಲಸಿ, ಯಂತ್ರದಲ್ಲಿ ಕಾಳಿನ ಆಕಾರಕ್ಕೆ ಒತ್ತಿ, 100 ಕೆ.ಜಿ. ಅಕ್ಕಿಗೆ 1 ಕೆ.ಜಿ.ಯಂತೆ ಬೆರೆಸುತ್ತಾರೆ. ಕೆ.ಜಿ.ಗೆ 28ರಿಂದ 42.5 ಮಿ.ಗ್ರಾಂ ಕಬ್ಬಿಣ ಇರಬೇಕೆಂಬುದು ನಿಯಮ. ತಿಂಗಳಿಗೆ ಒಬ್ಬರು 5 ಕೆ.ಜಿ. ಉಂಡರೆ ದಿನಕ್ಕೆ 5ರಿಂದ 7 ಮಿ.ಗ್ರಾಂ ಆಯಿತು. ಬಳಸುವ ಫೆರಿಕ್ ಪೈರೋಫಾಸ್ಫೇಟ್ ಅನ್ನದ ಬಣ್ಣ, ರುಚಿ ಕೆಡಿಸುವುದಿಲ್ಲ, ಆದರೆ ಮಾತ್ರೆಯ ಕಬ್ಬಿಣದಷ್ಟು ಚೆನ್ನಾಗಿ ಹೀರಿಕೆಯಾಗುವುದೂ ಇಲ್ಲ. ಆರಿಸಿ ಎಸೆದರೆ ಸೇರಿಸಿದ್ದಷ್ಟನ್ನೂ ಎಸೆದಂತೆ.

ಎಲ್ಲ ಮಾಡಿದರೂ ಎಚ್‌ಬಿ ಏರದಿದ್ದರೆ

ಆಗ ಮೊದಲು ನೋಡಬೇಕಾದ್ದು ಸೋರಿಕೆ. 1 ಮಿಲಿ ರಕ್ತ ಹೋದರೆ ಸುಮಾರು ಅರ್ಧ ಮಿ.ಗ್ರಾಂ ಕಬ್ಬಿಣ ಹೋಯಿತು. ಮುಟ್ಟಿನಲ್ಲಿ ಗಂಟೆಗೊಂದು ಪ್ಯಾಡ್ ಒದ್ದೆಯಾಗುವುದು, ದೊಡ್ಡ ಗಡ್ಡೆ ಬೀಳುವುದು, ಏಳು ದಿನ ಮೀರುವುದು ಮಾಮೂಲಿಯಲ್ಲ, ತೋರಿಸಿಕೊಳ್ಳಬೇಕು. ಮೂಲವ್ಯಾಧಿಯ ರಕ್ತವೂ ದಿನಗಟ್ಟಲೆ ಹೋದರೆ ಲೆಕ್ಕಕ್ಕೆ ಬರುತ್ತದೆ. ಕೊಕ್ಕೆಹುಳು ಬರಿಗಾಲಿನ ಚರ್ಮ ತೂರಿ ಬಂದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಮತ್ತು ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡುವುದು ಇದಕ್ಕೇ.

ಎರಡನೆಯದು ಜಠರದ ಆಮ್ಲ. ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ಆಮ್ಲ ಇಳಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗುವವರಲ್ಲಿ ಕಬ್ಬಿಣ ಕರಗುವುದೇ ಕಡಿಮೆ, ಬಿ12 ಬಿಡಿಸಿಕೊಳ್ಳುವುದೂ ಕಷ್ಟ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಬಿ12 ಇಳಿಸುತ್ತದೆ. ರಕ್ತಕಣ ಬೆಳೆಯಲು ಫೋಲೇಟ್, ಬಿ12 ಎರಡೂ ಬೇಕು. ಅವು ಸಾಲದ ರಕ್ತಹೀನತೆಯಲ್ಲಿ ಕಣಗಳು ಸಣ್ಣಗಾಗುವ ಬದಲು ದಪ್ಪಗಾಗುತ್ತವೆ. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ. ಸೊಪ್ಪಿನಲ್ಲಿ ಇಲ್ಲ.

ಪೂರ್ಣ ರಕ್ತ ಪರೀಕ್ಷೆಯ ವರದಿಯಲ್ಲಿ ಎಂಸಿವಿ ಎಂಬ ಸಾಲು ಕಣದ ಗಾತ್ರ ಹೇಳುತ್ತದೆ. 80ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆಯೋ ಥಲಸ್ಸೀಮಿಯಾ ಎಂಬ ವಂಶವಾಹಿ ರಕ್ತದ ಕಾಯಿಲೆಯೋ ಇರಬಹುದು, 100 ದಾಟಿದ್ದರೆ ಬಿ12, ಫೋಲೇಟ್ ಕಡೆ ನೋಡಬೇಕು. ದಾಸ್ತಾನು ಎಷ್ಟಿದೆ ಎಂದು ತಿಳಿಯಲು ಫೆರಿಟಿನ್ ಪರೀಕ್ಷೆ ಇದೆ. ದೊಡ್ಡವರಲ್ಲಿ 15ಕ್ಕಿಂತ ಕಡಿಮೆ ಬಂದರೆ ದಾಸ್ತಾನು ಬರಿದಾಗಿದೆ ಅಂತಲೇ ಅರ್ಥ. ಜ್ವರ, ಸೋಂಕು ಇದ್ದಾಗ ಈ ಅಂಕಿ ಸುಳ್ಳೇ ಏರಿರುತ್ತದೆ, ಹುಷಾರಾದ ಮೇಲೆ ಮಾಡಿಸುವುದು ಮೇಲು. ಥಲಸ್ಸೀಮಿಯಾ, ಅದರಂತೆಯೇ ವಂಶವಾಹಿಯಾದ ಸಿಕಲ್ ಸೆಲ್ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಕಬ್ಬಿಣದ ಮಾತ್ರೆ ಶುರು ಮಾಡಬಾರದು. ಪದೇ ಪದೇ ರಕ್ತ ಹಾಕಿಸಿಕೊಳ್ಳುವವರ ಮೈಯಲ್ಲಿ ಕಬ್ಬಿಣ ಮೊದಲೇ ಮಿತಿಮೀರಿರುತ್ತದೆ.